ಪಿಆರ್ ಪದವಿ: ಹಾಕಿದ ದುಡ್ಡು ವಾಪಸ್ ಬರುತ್ತಾ?

ಸೇಲಂ: ಪ್ಲಸ್ ಟೂ ಫಲಿತಾಂಶ ಬಂತೆಂದರೆ ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆಗಳಲ್ಲೂ ಕಾಲೇಜಿನ ಲೆಕ್ಕಾಚಾರ ಶುರು. ಎಂಜಿನಿಯರಿಂಗ್ ಬೇಡ, ಬಿ.ಕಾಂ. ಬೋರು ಎನ್ನುವ ಮಕ್ಕಳು ಕೇಳುವುದು ವಿಸ್ಕಾಂ, ಪತ್ರಿಕೋದ್ಯಮ, ಪಬ್ಲಿಕ್ ರಿಲೇಷನ್ಸ್. ಮಕ್ಕಳಿಗೆ ಟಿವಿ, ಜಾಹೀರಾತು ಕಂಪನಿಗಳ ಸೆಳೆತ. ಮಗ್ಗ ನಡೆಸುವ, ಹೊಲ ಗೇಯುವ ಅಪ್ಪ-ಅಮ್ಮನಿಗೆ ಒಂದೇ ಚಿಂತೆ: ಹಾಕಿದ ದುಡ್ಡು ವಾಪಸ್ ಬರುತ್ತಾ?

ಬರುತ್ತದೆ, ಆದರೆ ಎಲ್ಲರಿಗೂ ಅಲ್ಲ. ಎಷ್ಟು ಖರ್ಚು ಮಾಡಿ ಓದಿದರು, ಎಷ್ಟು ಭಾಷೆಗಳಲ್ಲಿ ತಪ್ಪಿಲ್ಲದೆ ಬರೆಯಬಲ್ಲರು ಎಂಬುದರ ಮೇಲೆ ಅದು ನಿಂತಿದೆ.

ಮೂರು ವರ್ಷದ ಲೆಕ್ಕ

ಶುಲ್ಕವೊಂದನ್ನೇ ಲೆಕ್ಕ ಹಾಕುವುದು ಬಹುತೇಕ ಮನೆಗಳ ಅಭ್ಯಾಸ. ಓದುವ ಮೂರು ವರ್ಷ ದುಡಿಮೆ ಇಲ್ಲ ಎಂಬುದೂ ಖರ್ಚೇ. ಉದಾಹರಣೆಗೆ, ಪ್ಲಸ್ ಟೂ ಮುಗಿಸಿ ತಿಂಗಳಿಗೆ 12,000 ರೂ. ಸಂಬಳಕ್ಕೆ ಸೇರಿದವರು ಮೂರು ವರ್ಷದಲ್ಲಿ 4.32 ಲಕ್ಷ ರೂ. ಸಂಪಾದಿಸುತ್ತಾರೆ. ಖಾಸಗಿ ಕಾಲೇಜು, ಹಾಸ್ಟೆಲ್ ಸೇರಿ ವರ್ಷಕ್ಕೆ ಒಂದೂವರೆ ಲಕ್ಷವಾದರೆ ಮತ್ತೆ 4.5 ಲಕ್ಷ. ಒಟ್ಟು 8.82 ಲಕ್ಷ ರೂ.

ಪದವಿ ಮುಗಿಸಿದವರಿಗೆ 18,000, ಓದದೆ ಕೆಲಸಕ್ಕೆ ಸೇರಿದ ಗೆಳೆಯರಿಗೆ ಅಷ್ಟೊತ್ತಿಗೆ 15,000 ರೂ. ಸಂಬಳ ಅಂದುಕೊಳ್ಳೋಣ. ತಿಂಗಳಿಗೆ ಮೂರು ಸಾವಿರದ ವ್ಯತ್ಯಾಸದಲ್ಲಿ ಹಾಕಿದ್ದು ಹುಟ್ಟಲು 24 ವರ್ಷ ದಾಟುತ್ತದೆ. ವ್ಯತ್ಯಾಸ ಹತ್ತು ಸಾವಿರವಾದರೆ ಏಳೂವರೆ ವರ್ಷ ಸಾಕು. ಅದೇ ಮಗು ಮನೆಯಿಂದಲೇ ಓಡಾಡಿ, ವರ್ಷಕ್ಕೆ 15,000 ರೂ. ಖರ್ಚಿನಲ್ಲಿ ಓದಿ ಮುಗಿಸಿದರೆ ನಾಲ್ಕೇ ವರ್ಷ.

ಸಾಲ ಮಾಡಿದರೆ ಇನ್ನೂ ಬಿಗಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 4 ಲಕ್ಷ ರೂ.ವರೆಗೆ ಅಡಮಾನ ಬೇಡ, ಆದರೆ ಪೋಷಕರು ಜಂಟಿ ಸಾಲಗಾರರಾಗಬೇಕು. ಶೇ 10ರ ಬಡ್ಡಿಯಲ್ಲಿ 4 ಲಕ್ಷ ರೂ.ಗಳನ್ನು ಏಳು ವರ್ಷದಲ್ಲಿ ತೀರಿಸಲು ತಿಂಗಳ ಕಂತು ಸುಮಾರು 6,640 ರೂ. ಅದೂ ಓದುವಾಗಿನ ಬಡ್ಡಿಯನ್ನು ಆಗಾಗಲೇ ಕಟ್ಟಿದ್ದರೆ. 18,000 ಸಂಬಳದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅಲ್ಲಿಗೇ ಹೋಯಿತು.

ಹತ್ತಿರದಲ್ಲೇ ಇದೆ

ಸೇಲಂನಲ್ಲಿ 1997ರಲ್ಲಿ ಸ್ಥಾಪನೆಯಾದ ಪೆರಿಯಾರ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ವಿಭಾಗವಿದೆ. ಸೇಲಂ, ಧರ್ಮಪುರಿ, ಕೃಷ್ಣಗಿರಿ, ನಾಮಕ್ಕಲ್ ಜಿಲ್ಲೆಗಳು ಇದರ ವ್ಯಾಪ್ತಿಗೆ ಬರುತ್ತವೆ. ಧರ್ಮಪುರಿಯಲ್ಲೂ, ಸೇಲಂನಲ್ಲೂ ಸರ್ಕಾರಿ ಕಲಾ ಕಾಲೇಜುಗಳಿವೆ. ಅಲ್ಲಿ ಬೇರೆ ಪದವಿ ಓದಿ, ಸ್ನಾತಕೋತ್ತರದಲ್ಲಿ ಸಂವಹನ ಹಿಡಿಯುವುದು ಕಡಿಮೆ ಖರ್ಚಿನ ದಾರಿ. ಆರರಿಂದ ಹನ್ನೆರಡನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರುವ ಹೆಣ್ಣುಮಕ್ಕಳಿಗೆ ತಿಂಗಳಿಗೆ ಸಾವಿರ ರೂ. ಕೊಡುವ 'ಪುದುಮೈ ಪೆಣ್' ಯೋಜನೆಯನ್ನು ರಾಜ್ಯ ಸರ್ಕಾರ 2022ರಲ್ಲಿ ತಂದಿತು. ಗಂಡುಮಕ್ಕಳಿಗೆ 2024ರಲ್ಲಿ 'ತಮಿಳ್ ಪುದಲ್ವನ್' ಬಂತು. ಮೂರು ವರ್ಷಕ್ಕೆ 36,000 ರೂ. ಎಂದರೆ ಬಸ್ಸು, ಪುಸ್ತಕದ ಖರ್ಚು ಬಹುಪಾಲು ನೀಗುತ್ತದೆ. ಪ್ರವೇಶದ ಹೊತ್ತಿಗೇ ಈ ಬಗ್ಗೆ ವಿಚಾರಿಸಿ ಅರ್ಜಿ ಹಾಕುವುದು ಒಳ್ಳೆಯದು.

ಕೆಲಸ ಎಲ್ಲಿ?

ಜಿಲ್ಲಾಧಿಕಾರಿ ಕಚೇರಿಯಲ್ಲಿ ವಾರ್ತೆ ಮತ್ತು ಸಾರ್ವಜನಿಕ ಸಂಪರ್ಕ ಕಚೇರಿ ಇದೆ, ಆದರೆ ಹುದ್ದೆ ಬೆರಳೆಣಿಕೆ. ಸೇಲಂ ಉಕ್ಕು ಸ್ಥಾವರದಂಥ ದೊಡ್ಡ ಸಂಸ್ಥೆಗಳಲ್ಲೂ ಅಷ್ಟೇ. ಆಸ್ಪತ್ರೆ, ಕಾಲೇಜು, ಜವಳಿ ಅಂಗಡಿಗಳಲ್ಲಿ 'ಪಿಆರ್‌ಒ' ಎಂಬ ಬೋರ್ಡಿನ ಹಿಂದೆ ಹಲವು ಕಡೆ ಇರುವುದು ರಿಸೆಪ್ಷನ್ ಕೆಲಸ. ಅದಕ್ಕೆ ಲಕ್ಷಗಟ್ಟಲೆ ಸುರಿಯಬೇಕಿಲ್ಲ.

ಸಂಬಳ ಏರುವುದು ಬೆಂಗಳೂರು, ಚೆನ್ನೈಗಳಲ್ಲಿ. ಧರ್ಮಪುರಿಯಿಂದ ಬೆಂಗಳೂರು ಸುಮಾರು 130 ಕಿ.ಮೀ. ದಕ್ಷಿಣದಲ್ಲಿ ಸರಕು ಮಾರುವ ಕಂಪನಿಗೆ ಒಂದೇ ಸುದ್ದಿಯನ್ನು ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಬರೆಯುವವರು ಬೇಕು. 1994ರಲ್ಲಿ ಶುರುವಾದ ಕನ್ನಡದ ಉದಯ ಟಿವಿ ಚೆನ್ನೈನ ಸನ್ ಸಮೂಹದ್ದು ಎಂಬುದನ್ನು ನೆನೆದರೆ ಎರಡೂ ಭಾಷೆ ಬಲ್ಲವರ ಬೆಲೆ ತಿಳಿಯುತ್ತದೆ. ಸರಳ ಪತ್ರಿಕಾ ಹೇಳಿಕೆಯನ್ನು ಈಗ ಕಂಪ್ಯೂಟರೇ ಬರೆದುಕೊಡುತ್ತೆ. ಅದರ ತಪ್ಪು ಹಿಡಿದು ಊರಿನ ಭಾಷೆಗೆ ತರುವವರಿಗೆ ಮಾತ್ರ ಕೆಲಸ ಉಳಿಯುತ್ತದೆ.

ಮಾತು ಇದೆ, ಅಕ್ಷರ ಇಲ್ಲ

ತೊಡಕು ಇರುವುದು ಇಲ್ಲೇ. ಈ ಜಿಲ್ಲೆಗಳ ಬಹಳಷ್ಟು ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲು ಬರೆಯಲು ಬಾರದು. 2006ರ ಕಾಯ್ದೆ ಶಾಲೆಗಳಲ್ಲಿ ತಮಿಳನ್ನು ಹಂತಹಂತವಾಗಿ ಕಡ್ಡಾಯ ಮಾಡಿತು. ಅಲ್ಪಸಂಖ್ಯಾತ ಭಾಷೆಯ ಮಕ್ಕಳ ವಿನಾಯಿತಿ ಪ್ರಶ್ನೆ ಕೋರ್ಟು ಮೆಟ್ಟಿಲೇರಿತು. ಅದು ಏನೇ ಇರಲಿ, ತಮಿಳು ಚೆನ್ನಾಗಿ ಬರುವುದು ಈ ವೃತ್ತಿಯಲ್ಲಿ ಲಾಭವೇ. ಕನ್ನಡ ಅಕ್ಷರ ಬಿಟ್ಟುಹೋಗಿರುವುದು ಮಾತ್ರ ನಷ್ಟ. ಮನೆಭಾಷೆ ಮಾತಾಡಲು ಬರುವ ಮಗುವಿಗೆ ಕೆಲವು ತಿಂಗಳ ಅಭ್ಯಾಸದಲ್ಲಿ ಓದು, ಬರಹ ಕೈಗೆ ಹತ್ತುತ್ತದೆ. ಇದಕ್ಕೆ ಶುಲ್ಕವೂ ಇಲ್ಲ.

ಸೇರಿಸುವ ಮುನ್ನ ಪೋಷಕರು ಕಾಲೇಜಿನಲ್ಲಿ ಕೇಳಬೇಕಾದ್ದು ಇಷ್ಟು: ಕಳೆದ ವರ್ಷ ಎಷ್ಟು ಜನ ಮುಗಿಸಿದರು, ಎಲ್ಲಿ ಸೇರಿದರು, ಮೊದಲ ಸಂಬಳ ಎಷ್ಟು, ಇಂಟರ್ನ್‌ಶಿಪ್‌ಗೆ ದುಡ್ಡು ಕೊಟ್ಟರಾ ಇಲ್ಲವಾ? ಬಾಯಿಮಾತಿನ ಉತ್ತರ ಸಾಲದು, ಅಲ್ಲಿ ಓದಿದ ಇಬ್ಬರನ್ನಾದರೂ ಕಂಡು ಮಾತಾಡಬೇಕು. ಉತ್ತರ ಸಿಗದಿದ್ದರೆ ಮುಂಗಡ ಕಟ್ಟದೆ ಹತ್ತಿರದ ಸರ್ಕಾರಿ ಕಾಲೇಜಿನ ಅರ್ಜಿ ತರುವುದು ಲೇಸು. ಅದರ ಕೊನೇ ದಿನಾಂಕ ಯಾವಾಗ ಎಂದು ಇವತ್ತೇ ನೋಡಿಕೊಳ್ಳಬೇಕು.