ಹೆತ್ತವರು ಬೇರೆಯಾದಾಗ ಮಗುವಿನ ಕನ್ನಡ

ಕೊಚ್ಚಿ: ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆನ್ನುತ್ತದೆ 1956ರ ಹಿಂದೂ ಪಾಲಕತ್ವ ಕಾಯ್ದೆ. ಮಗುವಿನ ಹಿತವೇ ಅದಕ್ಕೆ ಮುಖ್ಯ. ಭಾಷೆಯ ಬಗ್ಗೆ ಮಾತ್ರ ಚಕಾರವಿಲ್ಲ. ಎರ್ನಾಕುಲಂ, ತಿರುವನಂತಪುರದ ಕುಟುಂಬ ನ್ಯಾಯಾಲಯಗಳಲ್ಲಿ ವ್ಯವಹಾರವೆಲ್ಲ ಮಲಯಾಳ, ಇಂಗ್ಲಿಷ್. ಶಾಲೆಯಲ್ಲೂ ಅಷ್ಟೆ. ಕನ್ನಡ ಉಳಿದಿರುವುದು ಮನೆಯೊಳಗೆ. ಅಪ್ಪ ಊರಿಗೆ ಮರಳಿದರೆ ಅದು 'ಅಪ್ಪನ ಭಾಷೆ'ಯಾಗಿ ಮಗುವಿನ ಬಾಯಿಂದ ಜಾರುತ್ತದೆ, ಜತೆಗೆ ಅಜ್ಜಿಯೂ ದೂರವಾಗುತ್ತಾಳೆ. ಜಗಳ ನಿನ್ನಿಂದಾದದ್ದಲ್ಲ ಎಂದು ಪುಟ್ಟ ಮಗುವಿಗೆ ಪದೇಪದೇ ಹೇಳಬೇಕು, ಅದೂ ಅದರ ಮನೆಮಾತಿನಲ್ಲಿ. ಭೇಟಿಯ ದಿನಗಳು ನಿಗದಿಯಾಗುವಾಗ ಅಜ್ಜಿಯ ಫೋನಿಗೂ ಸಮಯ ಕೇಳಿಕೊಳ್ಳಬಹುದು.

ಸಂಘಗಳು ಎಡವುವುದು ಆಮಂತ್ರಣದಲ್ಲಿ. ಒಬ್ಬರನ್ನು ಕರೆದು ಇನ್ನೊಬ್ಬರನ್ನು ಬಿಟ್ಟರೆ ಪಕ್ಷ ವಹಿಸಿದಂತೆ; ಮುಜುಗರವೆಂದು ಇಬ್ಬರನ್ನೂ ಬಿಟ್ಟರೆ ರಾಜ್ಯೋತ್ಸವದ ನೃತ್ಯದಿಂದ ಮಗುವೂ ಹೊರಗೆ. ಸರದಿಯಂತೆ ಕರೆಯಲಿ, ಮಗುವಿನ ಹೆಸರು ಪಟ್ಟಿಯಲ್ಲಿರಲಿ.