ಹೆಪ್ಪಿನ ಹಗೆ

ಹಾಲು ಮೊಸರಾಗುವುದು ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಗಳಿಂದ. ಹಾಲಿನ ಸಕ್ಕರೆಯನ್ನು ಅವು ಆಮ್ಲವಾಗಿ ಮಾರ್ಪಡಿಸುತ್ತವೆ. ಚೀಸ್ ಕಾರ್ಖಾನೆಗಳಿಗೂ ಇಂಥ ಹೆಪ್ಪೇ ಆಧಾರ. ಆದರೆ ಮನುಷ್ಯನಿಗೆ ಇಷ್ಟು ಉಪಕಾರಿಗಳಾದ ಈ ಜೀವಿಗಳಿಗೂ ಒಂದು ಹಗೆಯುಂಟು.

1930ರ ದಶಕದಲ್ಲಿ ನ್ಯೂಜಿಲೆಂಡಿನ ಚೀಸ್ ತಯಾರಕರು ಒಂದೇ ತಳಿಯ ಬ್ಯಾಕ್ಟೀರಿಯದಿಂದಾದ ಶುದ್ಧ ಹೆಪ್ಪನ್ನು ಬಳಸತೊಡಗಿದ್ದರು. ನಿನ್ನೆಯವರೆಗೆ ಚುರುಕಾಗಿದ್ದ ಹೆಪ್ಪು ಇದ್ದಕ್ಕಿದ್ದಂತೆ ಸೋಲುತ್ತಿತ್ತು. ತೊಟ್ಟಿಯ ಹಾಲು ಹುಳಿಯೇರದೆ ನಿಲ್ಲುತ್ತಿತ್ತು. ಇದಕ್ಕೆ ಕಾರಣ ಬ್ಯಾಕ್ಟೀರಿಯಗಳನ್ನೇ ಬೇಟೆಯಾಡುವ ‘ಫೇಜ್’ ಎಂಬ ವೈರಸ್ ಎಂದು ವೈಟ್‌ಹೆಡ್ ಮತ್ತು ಕಾಕ್ಸ್ ಎಂಬ ವಿಜ್ಞಾನಿಗಳು 1935ರಲ್ಲಿ ಪ್ರಕಟಿಸಿದರು. ಫೇಜ್ ಬ್ಯಾಕ್ಟೀರಿಯಕ್ಕೆ ಅಂಟಿಕೊಂಡು ತನ್ನ ವಂಶದ್ರವ್ಯವನ್ನು ಒಳಕ್ಕೆ ತೂರಿಸುತ್ತದೆ. ಸುಮಾರು ಒಂದು ಗಂಟೆಯೊಳಗೆ ಆ ಕೋಶ ಒಡೆದು, ಹತ್ತಾರು ಹೊಸ ಫೇಜ್‌ಗಳು ಹೊರಬೀಳುತ್ತವೆ.

ಹಾಲನ್ನು ಕಾಯಿಸಿದರೆ ಇವು ನಾಶವಾಗಬೇಕಲ್ಲವೆ? ಪಾಶ್ಚರೀಕರಣದಲ್ಲಿ ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ಸೆಕೆಂಡು ಇಡುತ್ತಾರೆ. ಕ್ಷಯದಂಥ ರೋಗಾಣುಗಳಿಗೆ ಅಷ್ಟು ಸಾಕು. ಅನೇಕ ಫೇಜ್‌ಗಳಿಗೆ ಸಾಲದು! ಫೇಜ್ ಉಣ್ಣುವ, ಬೆಳೆಯುವ ಜೀವಕೋಶವಲ್ಲ; ಪ್ರೋಟೀನಿನ ಚಿಪ್ಪಿನಲ್ಲಿ ಮಡಿಸಿಟ್ಟ ವಂಶದ್ರವ್ಯ, ಅಷ್ಟೇ. ಆ ಚಿಪ್ಪು ಕೆಡುವವರೆಗೆ ಅದಕ್ಕೆ ಅಳಿವಿಲ್ಲ. ಹಾಲಿನಲ್ಲಿರುವ ಪ್ರೋಟೀನುಗಳೂ ಅದಕ್ಕೆ ಕವಚವಾಗುತ್ತವೆ. ಕೆಲವು ಬಗೆಗಳು 80 ಡಿಗ್ರಿಯ ಕಾವನ್ನೂ ಹಲವು ನಿಮಿಷ ತಾಳಬಲ್ಲವು. ಮೇಲಾಗಿ, ಕಾವಿನಿಂದ ಎಲ್ಲವೂ ಒಮ್ಮೆಲೇ ಅಳಿಯುವುದಿಲ್ಲ. ನಿಮಿಷ ನಿಮಿಷಕ್ಕೂ ಉಳಿದುದರಲ್ಲಿ ಒಂದು ಪಾಲು ಮಾತ್ರ ನಾಶವಾಗುತ್ತದೆ. ಆದುದರಿಂದ ಮೊದಲು ಎಷ್ಟಿದ್ದವು ಎಂಬುದು ಮುಖ್ಯ.

ಹಾಗಾದರೆ ಹಾಲನ್ನು ಚೆನ್ನಾಗಿ ಕುದಿಸಿಬಿಟ್ಟರಾಯಿತು ಎನ್ನಬಹುದು. ಮನೆಯ ಮೊಸರಿಗೆ ಅದು ಸರಿ. ಚೀಸಿಗೆ ಸಲ್ಲದು. ಅತಿಯಾಗಿ ಕಾದ ಹಾಲು ರೆನೆಟ್ ಹಾಕಿದರೂ ಗಟ್ಟಿಯಾಗಿ ಹೆಪ್ಪುಗಟ್ಟುವುದಿಲ್ಲ. ಆದುದರಿಂದ ಹೆಪ್ಪು ಬೆಳೆಸುವ ಹಾಲನ್ನು ಮಾತ್ರ ಪ್ರತ್ಯೇಕವಾಗಿ ಸುಮಾರು 90 ಡಿಗ್ರಿಯಲ್ಲಿ ಅರ್ಧ ಗಂಟೆಯಾದರೂ ಕಾಯಿಸಿ, ಮುಚ್ಚಿದ ಪಾತ್ರೆಗಳಲ್ಲಿ ಕಾಪಾಡುತ್ತಾರೆ. ಚೀಸಿನಿಂದ ಬಸಿದ ನೀರಿನಲ್ಲಿ ಫೇಜ್‌ಗಳು ತುಂಬಿರುತ್ತವೆ; ಅದರ ತುಂತುರು ಗಾಳಿಯಲ್ಲಿ ತೇಲಿ ಬಂದರೂ ಅಪಾಯವೇ. ಅದನ್ನು ಹೆಪ್ಪಿನ ಕೋಣೆಯಿಂದ ದೂರವಿಡುತ್ತಾರೆ. ಬ್ಯಾಕ್ಟೀರಿಯದ ತಳಿಗಳನ್ನು ಸರದಿಯಂತೆ ಬದಲಾಯಿಸುವುದೂ ಉಂಟು. ಒಂದು ತಳಿಯನ್ನು ಕೊಲ್ಲುವ ಫೇಜ್ ಇನ್ನೊಂದನ್ನು ಮುಟ್ಟದಿರಬಹುದು.

ಫೇಜ್‌ಗಳು ಉಣ್ಣುವವರಿಗೆ ಹಾನಿ ಮಾಡುವುದಿಲ್ಲ. ಅವುಗಳ ದ್ವೇಷ ಬ್ಯಾಕ್ಟೀರಿಯಗಳೊಡನೆ ಮಾತ್ರ. ಇನ್ನು ಅಡುಗೆಮನೆಯ ಹೆಪ್ಪಿನಲ್ಲಿ ಹಲವು ಬಗೆಯ ಜೀವಿಗಳು ಕೂಡಿ ಬಾಳುತ್ತವೆ. ಒಂದು ಬಗೆ ಸೋತರೆ ಇನ್ನೊಂದು ಕೆಲಸವನ್ನು ಮುಂದುವರಿಸುತ್ತದೆ. ಕಾರ್ಖಾನೆಯ ಶುದ್ಧ ತಳಿಗಿಲ್ಲದ ಭದ್ರತೆ ಈ ಕೂಡುಬಾಳಿಗಿದೆ.