ಸೇವೆಗೆ ಸಲ್ಲುವವಳು ಪೀಠಕ್ಕೆ ಸಲ್ಲಳೆ?

1944ನೆಯ ಇಸವಿಯ ಜನವರಿ 25ರಂದು, ಸಂತ ಪೌಲನ ಮನಃಪರಿವರ್ತನೆಯ ಹಬ್ಬದ ದಿನ, ದಕ್ಷಿಣ ಚೀನದಲ್ಲಿ ಜಪಾನೀ ಸೈನ್ಯದ ಕೈಗೆ ಸಿಕ್ಕದೆ ಉಳಿದಿದ್ದ ಒಂದು ಪಟ್ಟಣದಲ್ಲಿ, ಹಾಂಗ್‌ಕಾಂಗಿನ ಬಿಷಪ್ ರೊನಾಲ್ಡ್ ಹಾಲರು ಫ್ಲಾರೆನ್ಸ್ ಲೀ ಟಿಮ್‌ಓಯ್ ಎಂಬ ಚೀನೀ ಮಹಿಳೆಯ ಶಿರಸ್ಸಿನ ಮೇಲೆ ಹಸ್ತವನ್ನಿರಿಸಿ ಆಕೆಗೆ ಯಾಜಕದೀಕ್ಷೆಯನ್ನಿತ್ತರು. ಆಂಗ್ಲಿಕನ್ ಸಂಪ್ರದಾಯದಲ್ಲಿ ಅದುವರೆಗೆ ಯಾವ ಸ್ತ್ರೀಗೂ ಲಭಿಸದಿದ್ದ ಪದವಿಯದು. ಹಾಲರು ಸ್ತ್ರೀಸಮಾನತೆಯ ಧ್ವಜವನ್ನು ಹಿಡಿದು ಹೊರಟವರಲ್ಲ. ಪೋರ್ತುಗೀಸರ ಅಧೀನದಲ್ಲಿದ್ದು ತಟಸ್ಥವಾಗಿದ್ದ ಮಕಾವು ಯುದ್ಧದ ದೆಸೆಯಿಂದ ನಿರಾಶ್ರಿತರಿಂದ ತುಂಬಿಹೋಗಿತ್ತು. ಅಲ್ಲಿಗೆ ಯಾವ ಯಾಜಕನೂ ಹೋಗಿಬರಲಾರದಂತಾಗಿತ್ತು. ಡೀಕನ್ ಆಗಿದ್ದ ಈಕೆಯೇ ಅಲ್ಲಿಯ ಸಭೆಯನ್ನು ನಡೆಸಿಕೊಂಡು ಬರುತ್ತಿದ್ದರು. ಬೋಧಿಸಲು, ನೊಂದವರನ್ನು ಸಂತೈಸಲು, ಸತ್ತವರನ್ನು ಮಣ್ಣುಮಾಡಲು ಯೋಗ್ಯಳಾದವಳು ಪ್ರಭುಭೋಜನದ ರೊಟ್ಟಿಯನ್ನು ಮುರಿಯಲು ಮಾತ್ರ ಅಯೋಗ್ಯಳೆಂದು ಹೇಳುವುದಕ್ಕೆ ಆ ಬಿಷಪ್ಪರ ಮನಸ್ಸು ಒಡಂಬಡಲಿಲ್ಲ, ಅಷ್ಟೆ.

ಯುದ್ಧ ಮುಗಿಯಿತು; ಶಾಸ್ತ್ರ ಎಚ್ಚೆತ್ತಿತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರ ಆಕ್ಷೇಪಣೆಯ ಮುಂದೆ ತನ್ನಿಂದ ಬಿಷಪ್ಪರಿಗೆ ಸಂಕಟವಾಗಬಾರದೆಂದು ಲೀ ಅವರು 1946ರಲ್ಲಿ ತಮ್ಮ ಅನುಮತಿಪತ್ರವನ್ನು ಒಪ್ಪಿಸಿಬಿಟ್ಟರು. ಪಡೆದ ದೀಕ್ಷೆಯನ್ನು ಮಾತ್ರ ಎಂದೂ ತ್ಯಜಿಸಲಿಲ್ಲ. ಇಪ್ಪತ್ತು ವರ್ಷಗಳ ಮಟ್ಟಿಗಾದರೂ ಸ್ತ್ರೀದೀಕ್ಷೆಯನ್ನು ಪ್ರಯೋಗಿಸಿ ನೋಡಲು ಅವಕಾಶ ಕೊಡಿರೆಂದು ಚೀನೀ ಸಭೆ ಮಾಡಿದ ವಿಜ್ಞಾಪನೆಯನ್ನು ಆಂಗ್ಲಿಕನ್ ಬಿಷಪ್ಪರ 1948ರ ಲ್ಯಾಂಬೆತ್ ಸಮ್ಮೇಳನ ತಿರಸ್ಕರಿಸಿತು. ಮುಂದೆ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಆ ಸಭೆಗಳೇ ಬಾಗಿಲು ಮುಚ್ಚಿದವು. ಕೆನಡಾಕ್ಕೆ ಹೋಗಿ ನೆಲೆಸಿದ ಲೀ ಅವರು 1992ರ ಫೆಬ್ರವರಿಯಲ್ಲಿ ಕಾಲವಾದರು. ಇಂಗ್ಲೆಂಡಿನ ಸಭೆ ಸ್ತ್ರೀಯರಿಗೆ ಯಾಜಕತ್ವವನ್ನು ಒಪ್ಪಿದ್ದು ಅದೇ ವರ್ಷದ ನವೆಂಬರಿನಲ್ಲಿ.

ಈ ವಿವಾದವನ್ನು ವೇದವಾಕ್ಯದ ಅರ್ಥನಿರ್ಣಯವೆಂದು ಮಾತ್ರ ತಿಳಿಯುವವರು ಅದರ ಅರ್ಧವನ್ನಷ್ಟೆ ಕಾಣುತ್ತಾರೆಂದು ನನ್ನ ಭಾವನೆ. ದುಡಿಮೆ ಬೇಕಾದಾಗ ಕರೆಯುವುದು, ಅಭಾವ ನೀಗಿದೊಡನೆ ಅಧಿಕಾರದ ಪ್ರಶ್ನೆಯನ್ನು ಎತ್ತುವುದು, ಇದು ಅದರ ಇನ್ನೊಂದರ್ಧ. ಅಮೆರಿಕದ ಸದರ್ನ್ ಬ್ಯಾಪ್ಟಿಸ್ಟರನ್ನು ನೋಡಿರಿ. ಸಭಾಪಾಲಕತ್ವ ಪುರುಷರಿಗೆ ಮಾತ್ರ ಮೀಸಲೆಂದು ಅವರು 2000ದಲ್ಲಿ ತಮ್ಮ ನಂಬಿಕೆಯ ಪ್ರಮಾಣದಲ್ಲಿಯೇ ಬರೆದುಕೊಂಡರು. ಸ್ತ್ರೀಯರಿಗೆ ಆ ಪದವಿಯನ್ನು ಕೊಟ್ಟ ಕಾರಣಕ್ಕೆ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಎಂಬ ಮಹಾಸಭೆಯನ್ನೇ 2023ರಲ್ಲಿ ಹೊರಗಿಟ್ಟರು. ಆದರೆ ಅವರು ಪ್ರತಿ ಕ್ರಿಸ್ಮಸ್ಸಿನಲ್ಲಿಯೂ ವಿದೇಶಗಳ ಪ್ರಚಾರಕಾರ್ಯಕ್ಕೆಂದು ಎತ್ತುವ ಕಾಣಿಕೆಗೆ ಲಾಟಿ ಮೂನ್ ಎಂಬ ಸ್ತ್ರೀಯ ಹೆಸರಿದೆ. 1873ರಲ್ಲಿ ಚೀನಕ್ಕೆ ಹೋಗಿ, ಸುಮಾರು ನಲವತ್ತು ವರ್ಷ ಹಳ್ಳಿಹಳ್ಳಿ ತಿರುಗಿ ಸುವಾರ್ತೆ ಸಾರಿ, 1912ರಲ್ಲಿ ಊರಿಗೆ ಮರಳುವ ಹಾದಿಯಲ್ಲಿ ಹಡಗಿನಲ್ಲಿಯೇ ತೀರಿಕೊಂಡವರು ಅವರು. ಮನೆಯಂಗಳದಲ್ಲಿ ನಿಷಿದ್ಧವಾದ ವಾಣಿ ಏಳು ಸಮುದ್ರದಾಚೆ ಪೂಜ್ಯವಾಗುವ ಬಗೆ ಇದು.

ನಮ್ಮ ನಾಡಿನಲ್ಲಿಯೂ ಇದಕ್ಕೆ ಸಾಕ್ಷ್ಯವಿಲ್ಲದಿಲ್ಲ. ಮಂಗಳೂರು ಧಾರವಾಡಗಳ ಬಾಸೆಲ್ ಮಿಷನ್ನಿನವರಾಗಲಿ, ಮೈಸೂರು ಸೀಮೆಯ ವೆಸ್ಲಿಯನ್ನರಾಗಲಿ, ಒಳಮನೆಯ ಹೊಸ್ತಿಲನ್ನು ಪಾದ್ರಿ ದಾಟಲಾರನೆಂಬುದನ್ನು ಕಂಡುಕೊಂಡು, ‘ಬೈಬಲ್ ವುಮನ್’ ಎಂದು ಕರೆಯಲ್ಪಟ್ಟ ದೇಶೀಯ ಸ್ತ್ರೀಯರನ್ನು ಮನೆಮನೆಗೆ ಕಳುಹಿಸುತ್ತಿದ್ದರು. ಅಕ್ಷರ ಕಲಿಸುವುದು, ವೇದವನ್ನು ಓದಿ ಹೇಳುವುದು, ಕಷ್ಟಸುಖ ಕೇಳುವುದು ಇವೆಲ್ಲ ಅವರ ಕೆಲಸ. ಅದನ್ನು ಬೋಧನೆಯೆನ್ನದೆ ಬೇರೆ ಯಾವ ಹೆಸರಿನಿಂದ ಕರೆಯಬಹುದೆಂದು ನನಗಂತೂ ಹೊಳೆಯುವುದಿಲ್ಲ.

ವೇದವಾಕ್ಯಗಳ ಜಿಜ್ಞಾಸೆ ಕ್ಷುಲ್ಲಕವೆಂದು ನಾನು ಹೇಳುತ್ತಿಲ್ಲ. ಸ್ತ್ರೀಯು ಉಪದೇಶಿಸಬಾರದು, ಪುರುಷನ ಮೇಲೆ ಅಧಿಕಾರ ನಡೆಸಬಾರದು ಎಂಬ ವಿಧಿ ತಿಮೊಥೆಗೆ ಬರೆದ ಮೊದಲನೆಯ ಪತ್ರದಲ್ಲಿ ಸ್ಪಷ್ಟವಾಗಿಯೇ ಇದೆ; ಆದರೆ ಅಲ್ಲಿ ‘ಅಧಿಕಾರ ನಡೆಸು’ ಎಂಬರ್ಥದಲ್ಲಿ ಬಳಸಿರುವ ಗ್ರೀಕ್ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲೆಲ್ಲ ಆ ಒಂದೇ ಕಡೆ ಬರುವುದರಿಂದ ಅದರ ನಿಜವಾದ ತೂಕವೆಷ್ಟೆಂಬುದು ಪಂಡಿತರಿಗೆ ಇನ್ನೂ ಬಗೆಹರಿದಿಲ್ಲ. ಸಭೆಯಲ್ಲಿ ಸ್ತ್ರೀಯರು ಮೌನವಾಗಿರಬೇಕೆಂದು ಕೊರಿಂಥದವರಿಗೆ ಬರೆದ ಪತ್ರವೇ, ಮೂರು ಅಧ್ಯಾಯಗಳ ಹಿಂದೆ, ಅವರು ಪ್ರಾರ್ಥಿಸುವಾಗಲೂ ಪ್ರವಾದಿಸುವಾಗಲೂ ತಲೆಯ ಮೇಲೆ ಮುಸುಕಿರಲಿ ಎನ್ನುತ್ತದೆ. ಬಾಯಿ ತೆರೆಯದವಳು ಪ್ರವಾದಿಸುವುದು ಹೇಗೆ? ಯೂನ್ಯಳ ಕಥೆಯಂತೂ ಇನ್ನೂ ವಿಚಿತ್ರ. ರೋಮಾಪುರದವರಿಗೆ ಬರೆದ ಪತ್ರದ ಕಡೆಯಲ್ಲಿ ಪೌಲನು ಅಪೊಸ್ತಲರೊಡನೆ ಎತ್ತಿ ಹೇಳುವ ಈ ಹೆಸರನ್ನು ನಾಲ್ಕನೆಯ ಶತಮಾನದ ಕ್ರಿಸೊಸ್ತೊಮನು ಸ್ತ್ರೀಯದೆಂದೇ ತಿಳಿದು ಕೊಂಡಾಡಿದ್ದನು. ಅನಂತರದ ಪಂಡಿತರು ಸ್ತ್ರೀ ಅಪೊಸ್ತಲಳಾಗುವುದು ಅಸಾಧ್ಯವೆಂದು ಬಗೆದು, ಪುರಾತನ ಶಾಸನಗಳಲ್ಲಿ ಎಲ್ಲಿಯೂ ಕಾಣಸಿಗದ ‘ಯೂನಿಯಾಸ್’ ಎಂಬ ಗಂಡುಹೆಸರನ್ನು ಸೃಷ್ಟಿಸಿದರು. ಒಂದು ಸ್ವರಚಿಹ್ನೆಯ ಸ್ಥಾನಪಲ್ಲಟದಿಂದ ಲಿಂಗಪಲ್ಲಟವಾದ ಇಂಥ ದೃಷ್ಟಾಂತ ವ್ಯಾಕರಣದ ಇತಿಹಾಸದಲ್ಲಿಯೂ ವಿರಳವೇ ಇರಬೇಕು.

ರೋಮನ್ ಕಥೋಲಿಕರ ವಾದ ಇದಕ್ಕಿಂತ ಗಂಭೀರವಾದುದು. ಕ್ರಿಸ್ತನು ಆರಿಸಿದ ಹನ್ನೆರಡು ಮಂದಿಯೂ ಪುರುಷರು, ಅದನ್ನು ಬದಲಿಸುವ ಅಧಿಕಾರವೇ ಸಭೆಗಿಲ್ಲವೆಂದು 1994ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ತೀರ್ಪಿತ್ತರು. ‘ಕೊಡೆವು’ ಎನ್ನದೆ ‘ಕೊಡಲಾರೆವು’ ಎಂದ ಆ ವಿನಯದಲ್ಲಿ ಘನತೆಯಿದೆ. ಆದರೆ ಪುನರುತ್ಥಾನದ ವಾರ್ತೆಯನ್ನು ಆ ಹನ್ನೆರಡರಲ್ಲಿ ಉಳಿದವರಿಗೆ ಮುಟ್ಟಿಸಿದವಳು ಮಗ್ದಲದ ಮರಿಯಳೆಂಬುದನ್ನೂ ಅದೇ ಸಭೆ ಮರೆತಿಲ್ಲ. 2016ರಲ್ಲಿ ಫ್ರಾನ್ಸಿಸ್ ಪೋಪರ ಕಾಲದಲ್ಲಿ ಆಕೆಯ ಸ್ಮರಣೆಯ ದಿನವನ್ನು ಅಪೊಸ್ತಲರ ಹಬ್ಬಗಳ ದರ್ಜೆಗೆ ಏರಿಸಲಾಯಿತು. ಗೌರವ ಏರಿತು, ಪದವಿ ಇದ್ದಲ್ಲಿಯೇ ಉಳಿಯಿತು.

ಇನ್ನು ಆಂಗ್ಲಿಕನ್ನರಲ್ಲಿ ಅಂಚು ಮುಂದೆ, ಕೇಂದ್ರ ಹಿಂದೆ ಎಂಬ ಕ್ರಮ ಬಹುಕಾಲ ನಡೆಯಿತು. 2012ರ ನವೆಂಬರ್ 17ರಂದು ಸ್ವಾಜಿಲ್ಯಾಂಡಿನಲ್ಲಿ ಎಲಿನಾ ವಾಮುಕೋಯಾ ಬಿಷಪ್ ಆದರು. ಅದಾದ ಮೂರೇ ದಿನಕ್ಕೆ ಇಂಗ್ಲೆಂಡಿನ ಸಿನೋಡಿನಲ್ಲಿ ಸ್ತ್ರೀಬಿಷಪ್ಪರ ಪ್ರಸ್ತಾಪ ಜನಸಾಮಾನ್ಯರ ಸದನದಲ್ಲಿ ಆರು ಮತಗಳ ಕೊರತೆಯಿಂದ ಬಿದ್ದುಹೋಯಿತು. ಮರುವರ್ಷ ದಕ್ಷಿಣ ಭಾರತ ಸಭೆ ಇ. ಪುಷ್ಪಲಲಿತಾ ಅವರನ್ನು ನಂದ್ಯಾಲದ ಬಿಷಪ್ಪರನ್ನಾಗಿ ಮಾಡಿತು. ತಾಯಿಸಭೆ ಒಪ್ಪಿದ್ದು 2014ರಲ್ಲಿ. ಅಲ್ಲಿಂದ ಹನ್ನೊಂದು ವರ್ಷಕ್ಕೆ, ಒಮ್ಮೆ ದಾದಿಯಾಗಿದ್ದ ಸಾರಾ ಮಲಾಲಿ ಅವರು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸ್ಥಾನಕ್ಕೆ ಹೆಸರಿಸಲ್ಪಟ್ಟರು. ಫ್ಲಾರೆನ್ಸ್ ನೈಟಿಂಗೇಲಳ ನೆನಪಿಗೆಂದು ಜ್ಞಾನಸ್ನಾನದಲ್ಲಿ ‘ಫ್ಲಾರೆನ್ಸ್’ ಎಂಬ ಹೆಸರನ್ನು ಧರಿಸಿದ್ದ ಲೀ ಅವರು ಬದುಕಿದ್ದರೆ ಇದನ್ನು ಕೇಳಿ ನಗುತ್ತಿದ್ದರೇನೋ.

ಈಗ ಗಾಳಿ ತಿರುಗಿದೆ. ಮಲಾಲಿ ಅವರ ಹೆಸರು ಘೋಷಣೆಯಾದ ದಿನವೇ ಪ್ರತಿಭಟಿಸಿದ ಗಾಫ್‌ಕಾನ್ ಎಂಬ ಸಂಪ್ರದಾಯವಾದಿ ಆಂಗ್ಲಿಕನ್ ಒಕ್ಕೂಟದಲ್ಲಿ ಆಫ್ರಿಕದ ಸಭೆಗಳು ಪ್ರಬಲ. ಒಪ್ಪಿದ್ದು ಕೇಂದ್ರ, ಒಲ್ಲೆನೆಂದದ್ದು ಅಂಚು. ಇದರಿಂದ ನನ್ನ ವಾದ ಕುಂಟಿತೆಂದು ಯಾರಾದರೂ ಹೇಳಿದರೆ ಭಾಗಶಃ ಒಪ್ಪುತ್ತೇನೆ. ಆದರೆ ಸ್ವಾಜಿಲ್ಯಾಂಡೂ ಆಫ್ರಿಕವೇ. ಇಂಗ್ಲೆಂಡಿನೊಳಗೂ, ಸ್ತ್ರೀಯ ಕೈಯಿಂದ ರೊಟ್ಟಿ ದ್ರಾಕ್ಷಾರಸಗಳನ್ನು ಸ್ವೀಕರಿಸಲು ಮನಸ್ಸೊಪ್ಪದ ಸಭೆಗಳಿಗೆ ಬೇರೊಬ್ಬ ಬಿಷಪ್ಪನ ಆರೈಕೆಯನ್ನು ಕೇಳಿ ಪಡೆಯುವ ಏರ್ಪಾಟು ಇಂದಿಗೂ ಉಂಟು. ಮಕಾವಿನ ನಿರಾಶ್ರಿತರಿಗೆ ಅಂಥ ಏರ್ಪಾಟೇನೂ ಇರಲಿಲ್ಲ. ಅವರು ಕೇಳಿದಂತೆಯೂ ಕಾಣೆ.